ಋಣ ಮತ್ತು ಹೊಣೆ: ‘ಗೊಲ್ಗೊಥಾ’ ಕಾವ್ಯದ ಒಂದು ಓದು

ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಸೀಮೆಯ ಒಕ್ಕಲುತನದ ಮನೆಗಳಿಗೆ ಸಾಲವೆಂಬುದು ಹೊಸ ಮಾತಲ್ಲ. ಮಳೆ ಕೈಕೊಟ್ಟ ವರ್ಷಗಳು ಅದನ್ನು ನಮಗೆ ಚೆನ್ನಾಗಿ ಕಲಿಸಿವೆ. ತಾನು ಪಡೆದ ಸಾಲವನ್ನು ತಾನು ತೀರಿಸುವುದು ಒಂದು. ಇನ್ನೊಬ್ಬನು ಪಡೆದ ಸಾಲಕ್ಕೆ ಜಾಮೀನು ನಿಲ್ಲುವುದು ಮತ್ತೊಂದು. ಮೊದಲನೆಯದಕ್ಕೆ ಋಣವೆಂದೂ ಎರಡನೆಯದಕ್ಕೆ ಹೊಣೆಯೆಂದೂ ಕನ್ನಡದಲ್ಲಿ ಹೆಸರಿದೆ. ಋಣ ತೀರಿಸಿದವನನ್ನು ಊರು ಪ್ರಾಮಾಣಿಕನೆಂದು ಹೊಗಳುತ್ತದೆ. ಹೊಣೆ ನಿಂತು ಹೊಲ ಕಳೆದುಕೊಂಡವನನ್ನು ಅದೇ ಊರು ದಡ್ಡನೆಂದು ನಗುತ್ತದೆ. ಆದರೆ ತನಗೆ ಕಷ್ಟ ಬಂದ ದಿನ ಅವನ ಬಾಗಿಲನ್ನೇ ತಟ್ಟುತ್ತದೆ. ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯವನ್ನು ಓದುವಾಗಲೆಲ್ಲ ಈ ಎರಡು ಪದಗಳು ನೆನಪಾಗುತ್ತವೆ. ಧೈರ್ಯ, ತ್ಯಾಗ, ಹೊಣೆಗಾರಿಕೆ ಎಂಬ ಮಾತುಗಳಿಗೆ ಕ್ರೈಸ್ತ ದೃಷ್ಟಿ ಕೊಡುವ ಅರ್ಥವು ಕನ್ನಡ ಕಾವ್ಯದ ಒಳಗೆ ಬಂದು ನಿಂತ ಬಗೆಯನ್ನು ಈ ಕೃತಿಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗೋವಿಂದ ಪೈಗಳು (1883–1963) ಕಾಸರಗೋಡು ಸೀಮೆಯ ಮಂಜೇಶ್ವರದವರು. ಮನೆಮಾತು ಕೊಂಕಣಿ, ಕಾವ್ಯದ ಮಾತು ಕನ್ನಡ. 1911ರಲ್ಲಿಯೇ ಆದಿಪ್ರಾಸವನ್ನು ಕೈಬಿಟ್ಟು ಬರೆದು ಹೊಸಗನ್ನಡ ಕವಿತೆಗೆ ಒಂದು ದಾರಿ ತೆರೆದವರು. 1930ರ ದಶಕದಲ್ಲಿ ಪ್ರಕಟವಾದ ‘ಗೊಲ್ಗೊಥಾ’ ಯೇಸುವಿನ ಬದುಕಿನ ಕೊನೆಯ ದಿನವನ್ನು ಮಾತ್ರ ವಸ್ತುವನ್ನಾಗಿ ಮಾಡಿಕೊಂಡ ಕೃತಿ. ಗೊಲ್ಗೊಥಾ ಎಂದರೆ ‘ಕಪಾಲಸ್ಥಳ’. ಜೆರುಸಲೇಮಿನ ಬಳಿ ಯೇಸುವನ್ನು ಶಿಲುಬೆಗೇರಿಸಿದ ಜಾಗ. ಕವಿಯು ಪವಾಡಗಳನ್ನಾಗಲಿ, ಬೆಟ್ಟದ ಮೇಲಿನ ಉಪದೇಶವನ್ನಾಗಲಿ, ದೃಷ್ಟಾಂತ ಕಥೆಗಳನ್ನಾಗಲಿ ವಸ್ತುವಾಗಿ ಆರಿಸಿಕೊಳ್ಳಲಿಲ್ಲ. ಉಪದೇಶವೆಲ್ಲ ಮುಗಿದು, ಹೇಳಿದ ಮಾತಿಗೆ ಬೆಲೆ ತೆರಬೇಕಾಗಿ ಬಂದ ದಿನವನ್ನು ಆರಿಸಿಕೊಂಡರು. ಈ ಆಯ್ಕೆಯಲ್ಲಿಯೇ ಕಾವ್ಯದ ದೃಷ್ಟಿ ಅಡಗಿದೆ.

ಇದರ ಹೊಸತನವನ್ನು ಅರಿಯಬೇಕಾದರೆ ನಮ್ಮ ವೀರಪರಂಪರೆಯನ್ನು ಒಮ್ಮೆ ನೆನೆಯಬೇಕು. ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಊರ ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನ ಕಲ್ಲುಗಳೇ ಅವುಗಳಲ್ಲಿ ಎಷ್ಟೋ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಮೇಲೇರುವ ವೀರ, ಮೇಲೆ ದೇವರ ಸನ್ನಿಧಿ. ದೇವಣಿ ತಳಿಯ ದನಗಳಿಂದ ಹೆಸರಾದ ನಮ್ಮ ಸೀಮೆಯವರಿಗೆ ತುರುಗಳಿಗಾಗಿ ಪ್ರಾಣ ಕೊಟ್ಟವನ ಗೌರವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವ್ಯದಲ್ಲಿ ಈ ಮೌಲ್ಯದ ಶಿಖರ ಪಂಪನ ಕರ್ಣ. ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ, ಪಾಂಡವರ ಹಿರಿಯನಾಗಿ ರಾಜ್ಯವಾಳುವ ದಾರಿ ತೆರೆದಿದ್ದರೂ, ಅವನು ದುರ್ಯೋಧನನನ್ನು ಬಿಡುವುದಿಲ್ಲ. ಒಡೆಯನ ಅನ್ನ ಉಂಡವನು ಪ್ರಾಣ ಕೊಟ್ಟು ಆ ಋಣವನ್ನು ತೀರಿಸಬೇಕೆಂಬುದು ಆ ಕಾಲದ ಧರ್ಮ. ಅದಕ್ಕೆ ನಮ್ಮ ಹಿರಿಯರಿಟ್ಟ ಹೆಸರು ‘ಜೋಳದ ಪಾಳಿ’. ಜೋಳವುಂಡು ಬೆಳೆದ ನಾಡಿನವರಿಗಷ್ಟೇ ಹೊಳೆಯಬಹುದಾದ ಹೆಸರು ಅದು.

ಜೋಳದ ಪಾಳಿಯ ಧೈರ್ಯ ದೊಡ್ಡದು, ಆದರೆ ಅದಕ್ಕೊಂದು ಎಲ್ಲೆಯಿದೆ. ಅದು ತಾನು ಉಂಡ ಅನ್ನದ ಲೆಕ್ಕ. ಉಣ್ಣದ ಅನ್ನಕ್ಕೆ ಅದು ಬಾಧ್ಯವಲ್ಲ. ಒಡೆಯನು ಅಧರ್ಮಿಯಾದರೆ ಋಣಿಯೂ ಅವನ ಜೊತೆಗೇ ಮುಳುಗಬೇಕಾಗುತ್ತದೆ; ಕರ್ಣನ ದುರಂತವೂ ಅದೇ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಎಲ್ಲೆ ಮುರಿಯಿತು. ಉಮರ್ಗಾದಿಂದ ಬಸವಕಲ್ಯಾಣ ದೂರವಲ್ಲ; ಆ ಕಥೆ ನಮ್ಮ ಮನೆಗಳ ಕಥೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ಅವರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಅವರು ಯಾವ ಒಡೆಯನ ಅನ್ನದ ಋಣಕ್ಕೂ ಸಾಯಲಿಲ್ಲ. ತಾವು ನಂಬಿದ ಸಮಾನತೆಯನ್ನು ಮಾಡಿ ತೋರಿಸಿ, ಆ ಮಾಟದ ಫಲವನ್ನು ತಾವೇ ಹೊತ್ತರು. ಇಲ್ಲಿ ತ್ಯಾಗವು ಋಣದ ಲೆಕ್ಕದಿಂದ ಹೊರಬಂದು ಹೊಣೆಯ ಕಡೆಗೆ ಹೆಜ್ಜೆಯಿಟ್ಟಿದೆ. ‘ಗೊಲ್ಗೊಥಾ’ವನ್ನು ಪರಕೀಯವೆನ್ನದೆ ಓದಲು ನಮಗೆ ಸಾಧ್ಯವಾಗುವುದು ಈ ಸ್ಮೃತಿಯ ಬಲದಿಂದ.

ಕ್ರೈಸ್ತ ದೃಷ್ಟಿಯು ಆ ಹೆಜ್ಜೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಇಬ್ರಿಯರಿಗೆ ಬರೆದ ಪತ್ರವು ಯೇಸುವನ್ನು ಶ್ರೇಷ್ಠವಾದ ಒಡಂಬಡಿಕೆಯ ಹೊಣೆಗಾರನೆಂದು ಕರೆಯುತ್ತದೆ. ಎಂದರೆ ಜಾಮೀನು ನಿಂತವನು. ತಾನು ಮಾಡದ ತಪ್ಪಿನ ಸಾಲಕ್ಕೆ, ತನ್ನನ್ನು ಹಿಂಸಿಸುವವರ ಪರವಾಗಿಯೂ, ನಿಲ್ಲುವವನು. ಇಂಥವನ ಧೈರ್ಯವು ವೀರಗಲ್ಲಿನ ಧೈರ್ಯದಂತೆ ಕಾಣುವುದಿಲ್ಲ. ಗೆತ್ಸೇಮನೆಯ ತೋಟದಲ್ಲಿ ಹಿಂದಿನ ರಾತ್ರಿ ಅವನು ನಡುಗಿದ, ಈ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿದ, ಜೊತೆಗಾರರು ಎಚ್ಚರವಿರಲೆಂದು ಬಯಸಿದ. ಸುವಾರ್ತೆಗಳು ಈ ಭಯವನ್ನು ಮುಚ್ಚಿಡಲಿಲ್ಲ. ಪಂಪನ ವೀರನು ಸಾವಿಗೆ ಅಂಜುವುದನ್ನು ನಾವು ಊಹಿಸಲಾರೆವು. ಇಲ್ಲಿಯಾದರೋ ಅಂಜಿಕೆಯನ್ನು ಒಪ್ಪಿಕೊಂಡ ಮೇಲೆಯೇ ಧೈರ್ಯ ಹುಟ್ಟುತ್ತದೆ. ಅವನ ಕೈಯಲ್ಲಿ ಆಯುಧವಿಲ್ಲ. ಆಯುಧವೆತ್ತಿದ ಶಿಷ್ಯನನ್ನು ಅವನೇ ತಡೆದಿದ್ದಾನೆ. ಹೊಡೆಯುವ ಶಕ್ತಿಯಿಂದಲ್ಲದೆ ತಾಳುವ ಶಕ್ತಿಯಿಂದ ನಾಯಕನಾದವನನ್ನು ಹಳಗನ್ನಡದ ಬಿಗಿಯನ್ನು ಉಳಿಸಿಕೊಂಡ ಶೈಲಿಯಲ್ಲಿ ಚಿತ್ರಿಸಿದ್ದು ಗೋವಿಂದ ಪೈಗಳ ಸಾಹಸ. ವೀರರಸಕ್ಕೆಂದು ಪಳಗಿದ ನುಡಿಯನ್ನು ಅವರು ಕರುಣಕ್ಕೆ ಒಗ್ಗಿಸಿಕೊಂಡರು.

ಈ ದಿನದ ಕಥೆಯಲ್ಲಿ ಹೊಣೆಗೆ ಎದುರಾಗಿ ನಿಲ್ಲುವುದು ಯಾವುದು? ಹೇಡಿತನವೆಂದು ಥಟ್ಟನೆ ಅನ್ನಿಸಬಹುದು. ಆದರೆ ನ್ಯಾಯಾಸನದ ಮೇಲಿದ್ದ ಪಿಲಾತನು ಹೇಡಿಯಷ್ಟೇ ಅಲ್ಲ. ಎದುರಿಗಿರುವವನಲ್ಲಿ ಅಪರಾಧವಿಲ್ಲವೆಂದು ಅವನಿಗೆ ಗೊತ್ತು, ಹಾಗೆಂದು ಅವನು ಬಾಯಿಬಿಟ್ಟು ಹೇಳಿಯೂ ಇದ್ದಾನೆ. ಬಿಡಿಸುವ ಅಧಿಕಾರವೂ ಅವನಿಗಿದೆ. ಆದರೂ ಜನರ ಕೂಗಿಗೆ ಮಣಿದು ಬರಬ್ಬನನ್ನು ಬಿಟ್ಟು ಯೇಸುವನ್ನು ಒಪ್ಪಿಸಿದ. ಒಪ್ಪಿಸುವ ಮುನ್ನ ನೀರು ತರಿಸಿ ಎಲ್ಲರೆದುರಿಗೆ ಕೈ ತೊಳೆದುಕೊಂಡನೆಂಬುದು ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನದರಲ್ಲಿ ಮಾತ್ರ ಬರುವ ಸಂಗತಿ. ‘ಕೈತೊಳೆದುಕೊಳ್ಳುವುದು’ ಎಂದು ನಾವು ದಿನವೂ ಆಡುವ ಮಾತಿಗೆ ಇದಕ್ಕಿಂತ ಚೆನ್ನಾದ ವ್ಯಾಖ್ಯಾನ ಸಿಗಲಾರದು. ಪಿಲಾತನೊಬ್ಬನೇ ಅಲ್ಲ. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದು ತಪ್ಪೊಪ್ಪಿಕೊಂಡ ಯೂದನಿಗೆ, ಅದು ನಿನ್ನ ಪಾಡು, ನಮಗೇನು ಎಂಬರ್ಥದ ಉತ್ತರ ಕೊಟ್ಟ ಯಾಜಕರೂ ಅದೇ ನೀರಿನಲ್ಲಿ ಕೈ ತೊಳೆದವರು. ಎಲ್ಲರಿಗೂ ತಪ್ಪಿನ ಅರಿವಿದೆ, ಹೊರುವವರಿಲ್ಲ. ಎಲ್ಲರೂ ಕೈಬಿಟ್ಟ ಭಾರವು ಕೊನೆಗೆ ಒಬ್ಬನ ಹೆಗಲ ಮೇಲೆ ಮರದ ತೊಲೆಯಾಗಿ ಬೀಳುತ್ತದೆ. ಇಡೀ ದಿನದ ಅರ್ಥ ಈ ಒಂದು ಚಿತ್ರದಲ್ಲಿ ಸೇರಿದೆ.

ಹೊಣೆಯ ಬೇರೆ ಬೇರೆ ಮಟ್ಟಗಳನ್ನು ಕಾಣಲು ಈ ಕಥೆಯ ಚಿಕ್ಕ ಪಾತ್ರಗಳನ್ನೂ ಗಮನಿಸಬೇಕು. ಪೇತ್ರನು ಕೋಳಿ ಕೂಗುವ ಮುನ್ನ ಮೂರು ಸಲ ಗುರುವನ್ನು ಅರಿಯೆನೆಂದ. ಆದರೆ ಹೊರಗೆ ಹೋಗಿ ಬಿಕ್ಕಿ ಅತ್ತ. ಪಿಲಾತನಿಗೆ ನೀರು ಬೇಕಾಯಿತು, ಪೇತ್ರನಿಗೆ ಕಣ್ಣೀರು ಬಂತು. ಇಬ್ಬರ ಮುಂದಿನ ದಾರಿಗಳು ಅಲ್ಲಿಯೇ ಬೇರೆಯಾದವು. ಕುರೇನ್ಯದ ಸೀಮೋನನು ಹಳ್ಳಿಯ ಕಡೆಯಿಂದ ಬರುತ್ತಿದ್ದ ದಾರಿಹೋಕ. ಸೈನಿಕರು ಅವನನ್ನು ಹಿಡಿದು ಬಲವಂತದಿಂದ ಶಿಲುಬೆ ಹೊರಿಸಿದರು. ಅವನಿಗೂ ಆ ವಿಚಾರಣೆಗೂ ಸಂಬಂಧವಿರಲಿಲ್ಲ; ಹಾಗಿದ್ದೂ ಶಿಷ್ಯರಾರೂ ಹೊರದ ಭಾರವನ್ನು ಹೊತ್ತವನು ಅವನೇ. ಅರಿಮಥಾಯದ ಯೋಸೇಫನು ಸಭೆಯ ಗಣ್ಯ. ಎಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಪಿಲಾತನಲ್ಲಿಗೆ ಹೋಗಿ ಶವವನ್ನು ಬೇಡಿದ. ತಡವಾಗಿ ಬಂದ ಧೈರ್ಯವೂ ಧೈರ್ಯವೇ ಎಂದು ಒಪ್ಪುವ ಉದಾರತೆ ಆ ಕಥೆಗಿದೆ.

ಕನ್ನಡದಲ್ಲಿ ಕ್ರಿಸ್ತಕಥೆಯನ್ನು ಪದ್ಯವಾಗಿ ಹೇಳಿದವರಲ್ಲಿ ಗೋವಿಂದ ಪೈಗಳೇ ಮೊದಲಿಗರಲ್ಲ. ನಿಘಂಟಿನ ಕಿಟೆಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಅದನ್ನು ನಮ್ಮ ಛಂದಸ್ಸಿಗೆ ತಂದಿದ್ದರು, 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕಿರುಕೃತಿಯಲ್ಲಿ ಯಜ್ಞ ಮತ್ತು ಬಲಿಯ ವಿಚಾರವನ್ನೂ ಚರ್ಚಿಸಿದರು. ಅವರು ಧರ್ಮಬೋಧಕರು, ಓದುಗನನ್ನು ಒಪ್ಪಿಸುವುದು ಅವರ ಕರ್ತವ್ಯದ ಭಾಗ. ಗೋವಿಂದ ಪೈಗಳಿಗೆ ಅಂಥ ಉದ್ದೇಶವಿಲ್ಲ. ತಮ್ಮದಲ್ಲದ ಮತದ ಅತ್ಯಂತ ಪವಿತ್ರವಾದ ದುಃಖವನ್ನು ತಮ್ಮ ಭಾಷೆಯಲ್ಲಿ ಹೇಳುವ ಭಾರವನ್ನು, ಯಾರೂ ಹೊರಿಸದೆ, ತಾವೇ ಹೊತ್ತರು. ಆ ಮಟ್ಟಿಗೆ ಅವರು ನಮ್ಮ ಸೀಮೋನ, ಬಲವಂತವೊಂದಿಲ್ಲ, ಅಷ್ಟೇ. ಪರಮತವನ್ನು ಗೌರವಿಸುತ್ತೇವೆಂದು ದೂರದಿಂದ ಕೈಮುಗಿಯುವುದು ಸುಲಭ. ಅದರ ನೋವನ್ನು ತನ್ನ ನುಡಿಯಲ್ಲಿ ಅನುಭವಿಸಿ ಬರೆಯುವುದು ಕಷ್ಟ.

ಇದು ಅವರಿಗೆ ಒಂದು ಸಲದ ಆಸಕ್ತಿಯಾಗಿರಲಿಲ್ಲ. ಬುದ್ಧನ ಕೊನೆಯನ್ನು ಕುರಿತು ‘ವೈಶಾಖಿ’, ಏಕಲವ್ಯನನ್ನು ಕುರಿತು ‘ಹೆಬ್ಬೆರಳು’ ನಾಟಕ ಬರೆದರು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ತ್ಯಾಗದ ಮೂರು ಮುಖಗಳು ತೋರುತ್ತವೆ. ಏಕಲವ್ಯನದು ಋಣ; ಗುರುದಕ್ಷಿಣೆಯ ಹೆಸರಿನಲ್ಲಿ ಅನ್ಯಾಯವಾಗಿ ಕೇಳಿದ್ದನ್ನು ಅವನು ಕೊಟ್ಟ. ಬುದ್ಧನ ಕೊನೆಯ ಊಟ ಬಡಿಸಿದವನು ಕಮ್ಮಾರ ಚುಂದ. ಆ ಊಟದಿಂದ ರೋಗ ಹೆಚ್ಚಿದರೂ ಚುಂದನನ್ನು ಯಾರೂ ದೂಷಿಸದಂತೆ, ಅವನ ಮನಸ್ಸು ನೋಯದಂತೆ ನೋಡಿಕೊಳ್ಳಲು ಬುದ್ಧನು ಆನಂದನಿಗೆ ತಿಳಿಸಿದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಯೇಸುವಾದರೋ ತನ್ನನ್ನು ಶಿಲುಬೆಗೆ ಜಡಿದವರಿಗಾಗಿ, ಅವರು ಅರಿಯದೆ ಮಾಡುತ್ತಿದ್ದಾರೆಂದು, ಕ್ಷಮೆ ಬೇಡಿದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಚುಂದನು ತಿಳಿಯದೆ ಬಡಿಸಿದ. ಮೊಳೆ ಹೊಡೆದವರು ತಿಳಿದೇ ಹೊಡೆದರು. ಆದರೂ ಸಾಯುವವನು ಇನ್ನೊಬ್ಬನ ಹೆಗಲಿನ ಭಾರವನ್ನು ಇಳಿಸಿ ಸಾಯುತ್ತಾನೆಂಬುದು ಎರಡು ಕಡೆಯೂ ಸಮಾನ.

ಕಾವ್ಯವನ್ನು ಮೆಚ್ಚುವಾಗ ಎರಡು ಆಕ್ಷೇಪಗಳನ್ನೂ ಹೇಳಬೇಕು. ಮೊದಲನೆಯದು ಭಾಷೆಯದು. ಹಳಗನ್ನಡದ ರೂಪಗಳು, ಸಮಾಸಗಳು, ಕವಿಯೇ ಟಂಕಿಸಿದ ಪದಗಳು ಸೇರಿ ಓದು ತಡವರಿಸುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಮಕ್ಕಳಿಗಂತೂ ಪದಕೋಶವಿಲ್ಲದೆ ದಾರಿಯಿಲ್ಲ. ಎರಡನೆಯದು ಇನ್ನೂ ಗಂಭೀರ. ಶಿಲುಬೆಗೇರಿಸೆಂದು ಕೂಗುವ ಜನಸ್ತೋಮ ಈ ಕಥೆಯಲ್ಲಿದೆ. ಆ ಕೂಗನ್ನು ಇಡೀ ಯೆಹೂದಿ ಜನಾಂಗದ ತಪ್ಪೆಂದು ಹೊರಿಸಿ ಯುರೋಪು ಶತಮಾನಗಳ ಕಾಲ ಅವರನ್ನು ಪೀಡಿಸಿತು. ಆ ಆರೋಪ ಸಲ್ಲದೆಂದು ಕಥೋಲಿಕ ಧರ್ಮಸಭೆಯು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಸಾರಿ ಹೇಳಿತು. ಗೋವಿಂದ ಪೈಗಳು ಬರೆದದ್ದು ಅದಕ್ಕೂ ಹಿಂದೆ. ಇಂದಿನ ಓದುಗನು ಆ ಎಚ್ಚರವನ್ನು ತಾನೇ ತಂದುಕೊಳ್ಳಬೇಕು. ಹೊಣೆಯನ್ನು ಒಬ್ಬನು ತಾನಾಗಿ ಹೊರಬಹುದು. ಒಂದು ಜನಾಂಗದ ತಲೆಗೆ ಕಟ್ಟಲಾಗದು. ಹಾಗೆ ಕಟ್ಟುವುದೂ ಕೈತೊಳೆದುಕೊಳ್ಳುವ ಇನ್ನೊಂದು ಬಗೆಯೇ.

ಗೋವಿಂದ ಪೈಗಳು 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಐದು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಅವರ ಮಂಜೇಶ್ವರ ಕೇರಳಕ್ಕೆ ಸೇರಿತು. ಅದೇ ದಿನ ನಮ್ಮ ಮರಾಠವಾಡ ಹೈದರಾಬಾದಿನಿಂದ ಮುಂಬಯಿ ರಾಜ್ಯಕ್ಕೆ ಸೇರಿತು. ಒಂದೇ ದಿನ ಗೆರೆಯ ಆಚೆಗುಳಿದವರು ಅವರು ಮತ್ತು ನಾವು. ಆಗ ಅವರಿಗೆ ಎಪ್ಪತ್ತಮೂರು ವರ್ಷ. ಈ ಸಾಮ್ಯದಿಂದ ‘ಗೊಲ್ಗೊಥಾ’ ನಮಗೆ ಇನ್ನೂ ಹತ್ತಿರದ್ದಾಗುತ್ತದೆ. ನಮ್ಮ ಮನೆಗಳಲ್ಲಿ ಕನ್ನಡ ತೆಳುವಾಗುತ್ತಿರುವುದಕ್ಕೆ ಸರಕಾರ ಕಾರಣ, ಗಡಿರೇಖೆ ಕಾರಣ, ಕಾಲ ಕಾರಣ ಎಂದು ನಾವು ಹೇಳುತ್ತೇವೆ. ಈ ಮಾತುಗಳಲ್ಲಿ ಸುಳ್ಳಿಲ್ಲ. ಯೇಸುವಿನಲ್ಲಿ ತಪ್ಪು ಕಾಣೆನೆಂದ ಪಿಲಾತನ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ನಿಜ ಹೇಳಿದ ಮೇಲೆ ಅವನು ಏನು ಮಾಡಿದನೆಂಬುದೇ ಪ್ರಶ್ನೆ.

ಅಜ್ಜ ಅಜ್ಜಿಯರಿಂದ ಪಡೆದ ನುಡಿಯ ಋಣವನ್ನು ಹಬ್ಬ ಸಮ್ಮೇಳನಗಳಲ್ಲಿ ನಾವು ಹೇಗೋ ತೀರಿಸುತ್ತಿದ್ದೇವೆ. ಇನ್ನೂ ಅಕ್ಷರ ಕಲಿಯದ ಮೊಮ್ಮಗುವಿನ ಕನ್ನಡಕ್ಕೆ ಜಾಮೀನು ನಿಲ್ಲುವುದು ಬೇರೆ ಕೆಲಸ. ಅದಕ್ಕೆ ದಿನಕ್ಕೆ ಅರ್ಧ ಗಂಟೆ, ಒಂದು ಪಾಟಿ, ಒಂದು ಬಳಪ ಸಾಕು. ಈ ಸಂಚಿಕೆಯನ್ನು ಕೈಗೆತ್ತಿಕೊಂಡ ಬಂಧುಗಳು ‘ಗೊಲ್ಗೊಥಾ’ದ ಪ್ರತಿಯೊಂದನ್ನು ಹುಡುಕಿ, ಕಷ್ಟದ ಪದಗಳಿಗೆ ಅರ್ಥ ಬರೆದಿಟ್ಟು, ಮನೆಯ ಕಿರಿಯರಿಗೆ ಒಂದೆರಡು ಪುಟವಾದರೂ ಓದಿ ಹೇಳಲಿ ಎಂಬುದು ನನ್ನ ವಿನಂತಿ.