ಬೇಲಿ ಮತ್ತು ಹೊಲದ ಒಡೆಯ: ಭ್ರಷ್ಟಾಚಾರ ನಿಗ್ರಹ ಪೊಲೀಸರ ಸ್ವಾಯತ್ತತೆಯ ಪ್ರಶ್ನೆ

ಶಿಡ್ಲಘಟ್ಟ ತಾಲೂಕಿನ ಮೇಲೂರು ಕನ್ನಡ, ತೆಲುಗು ಎರಡೂ ಬೆರೆತ ಸೀಮೆಗೆ ಸೇರಿದ ಊರು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಗೆ ಈ ಸೀಮೆಯಲ್ಲಿ ‘ಕಂಚೇ ಚೇನು ಮೇಸ್ತೇ’ ಎಂಬ ತೆಲುಗಿನ ಜೋಡಿಯೂ ಉಂಟು. ಲಂಚದ ಮಾತು ಬಂದಲ್ಲೆಲ್ಲ ಬಳಕೆಯಾಗುವ ಈ ಗಾದೆಯನ್ನು ಕಾವಲುಗಾರನ ನೀತಿಗೇಡಿತನದ ಟೀಕೆಯೆಂದಷ್ಟೇ ಓದುವುದು ರೂಢಿ. ಬೇಲಿ ಹಾಕಿದವರು ಯಾರು, ಅದನ್ನು ಕೀಳುವ ಅಧಿಕಾರ ಯಾರದು ಎಂಬುದನ್ನು ಆ ಓದು ಕೇಳುವುದಿಲ್ಲ. ಕರ್ನಾಟಕದ ಭ್ರಷ್ಟಾಚಾರ ನಿಗ್ರಹ ಪೊಲೀಸರ ಚರಿತ್ರೆಯಾದರೋ ಆ ಪ್ರಶ್ನೆಯ ಮೇಲೆಯೇ ನಿಂತಿದೆ.

ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದ 2001ರಿಂದ 2006ರ ಅವಧಿಯಲ್ಲಿ ದಿಢೀರ್ ಭೇಟಿ, ದಾಳಿಗಳು ಮನೆಮಾತಾದವು. ಮಾರುವೇಷದಲ್ಲಿ ಊರು ಸುತ್ತುವ ಅರಸನ ಕಥೆಗೆ ಒಗ್ಗಿದ ಜನಮನಕ್ಕೆ ಇದು ಸಹಜವಾಗಿಯೇ ಹಿಡಿಸಿತು. ಆದರೆ ವೀರನನ್ನು ಕೊಂಡಾಡುವ ಕಥನ ವ್ಯವಸ್ಥೆಯ ತಳಪಾಯವನ್ನು ಮರೆಸುತ್ತದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯಿದೆಯ ಪ್ರಕಾರ ಲೋಕಾಯುಕ್ತರನ್ನು ಪದಚ್ಯುತಗೊಳಿಸಲು ಉಭಯ ಸದನಗಳ ನಿರ್ಣಯ ಬೇಕು. ಅವರ ಕೈಕೆಳಗಿನ ಇನ್ಸ್‌ಪೆಕ್ಟರಿಗೆ ಅಂಥ ರಕ್ಷಣೆಯಿಲ್ಲ. ಆತ ಪೊಲೀಸ್ ಇಲಾಖೆಯಿಂದ ಎರವಲಾಗಿ ಬಂದವನು, ಮತ್ತೆ ಅಲ್ಲಿಗೇ ಮರಳಬೇಕಾದವನು.

2016ರ ಮಾರ್ಚ್ 14ರ ಸರ್ಕಾರಿ ಆದೇಶ ಈ ದೌರ್ಬಲ್ಯವನ್ನೇ ಬಳಸಿಕೊಂಡಿತು. ಭ್ರಷ್ಟಾಚಾರ ತಡೆ ಕಾಯಿದೆಯಡಿ ತನಿಖೆ ನಡೆಸುವ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ಹಿಂದೆಗೆದು, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಡಿ, ಅಂದರೆ ಮುಖ್ಯಮಂತ್ರಿಗಳ ಹಿಡಿತದಲ್ಲಿ, ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಲಾಯಿತು. ಹಿಂದಿನ ವರ್ಷ ಲೋಕಾಯುಕ್ತ ಕಚೇರಿಯ ಮೇಲೆಯೇ ಸುಲಿಗೆಯ ಆರೋಪ ಬಂದಿತ್ತೆಂಬುದು ನಿಜ. ಆ ರೋಗಕ್ಕೆ ಇದು ಮದ್ದಾಗಿರಲಿಲ್ಲ. ತನಿಖೆಗೆ ಒಳಗಾಗಬೇಕಾದವರ ಕೈಗೇ ತನಿಖೆಯ ಲಗಾಮು ಸೇರಿತು.

2022ರ ಆಗಸ್ಟ್ 11ರಂದು ಹೈಕೋರ್ಟಿನ ನ್ಯಾಯಮೂರ್ತಿ ಬಿ. ವೀರಪ್ಪ ಮತ್ತು ನ್ಯಾಯಮೂರ್ತಿ ಕೆ.ಎಸ್. ಹೇಮಲೇಖಾ ಅವರ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಗೊಳಿಸಿ, ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ವರ್ಗಾಯಿಸಿತು. ಸಂವಿಧಾನದ 162ನೆಯ ವಿಧಿಯ ಕಾರ್ಯಾಂಗಾಧಿಕಾರದಿಂದ ಶಾಸನವೊಂದರ ಉದ್ದೇಶವನ್ನು ನಿಷ್ಫಲಗೊಳಿಸಲಾಗದು ಎಂಬುದು ತೀರ್ಪಿನ ತಿರುಳು. ಇದನ್ನು ಪೊಲೀಸ್ ಸ್ವಾಯತ್ತತೆಗೆ ದೊರೆತ ಸಾಂವಿಧಾನಿಕ ಮುದ್ರೆಯೆಂದು ಬಗೆಯುವುದು ಆತುರದ ಓದು. ತೀರ್ಪು ಕಾಯ್ದದ್ದು ಕಾಯಿದೆಯನ್ನು, ಅದೂ ಸರ್ಕಾರಿ ಆದೇಶದಿಂದ. ಕಾಯಿದೆಯನ್ನೇ ಶಾಸಕಾಂಗ ತಿದ್ದಿದರೆ ಈ ತರ್ಕ ಅಷ್ಟಾಗಿ ನೆರವಿಗೆ ಬಾರದು. ಕೇರಳದ ವಿಧಾನಸಭೆ 2022ರಲ್ಲೇ ತಿದ್ದುಪಡಿಯ ಮೂಲಕ ತನ್ನ ಲೋಕಾಯುಕ್ತದ ಬಲವನ್ನು ಕುಗ್ಗಿಸಿತು.

ಇನ್ನೊಂದು ತೊಡಕು 2018ರಲ್ಲಿ ಭ್ರಷ್ಟಾಚಾರ ತಡೆ ಕಾಯಿದೆಗೆ ಸೇರಿದ 17ಎ ಕಲಮಿನದು. ಲಂಚ ಪಡೆಯುವಾಗ ಕೈಯಾರೆ ಸಿಕ್ಕವನ ಬಂಧನಕ್ಕೆ ಅದು ಅಡ್ಡಿಯಲ್ಲ. ಅಧಿಕಾರಸ್ಥರು ಕಡತದ ಮೇಲೆ ಕೈಗೊಂಡ ನಿರ್ಧಾರದ ವಿಚಾರಣೆಗೆ ಮಾತ್ರ ಪೂರ್ವಾನುಮತಿ ಬೇಕೆಂದಿತು. ಹೀಗಾಗಿ ಸಾವಿರ ರೂಪಾಯಿ ಮುಟ್ಟಿದ ಗುಮಾಸ್ತ ಪೊಲೀಸರಿಗೆ ಹತ್ತಿರದವನು, ನೂರಾರು ಎಕರೆ ಮಂಜೂರು ಮಾಡಿದವರು ದೂರದವರು. ಲೋಕಪಾಲ, ಲೋಕಾಯುಕ್ತಗಳಿಗೆ ಸಾಂವಿಧಾನಿಕ ಸ್ಥಾನ ನೀಡುವ ತಿದ್ದುಪಡಿ ಮಸೂದೆ 2011ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಅಗತ್ಯ ಬಹುಮತ ದೊರೆಯದೆ ಬಿದ್ದುಹೋಯಿತು. 2013ರಲ್ಲಿ ಅಂಗೀಕಾರವಾದದ್ದು ಸಾಮಾನ್ಯ ಕಾಯಿದೆ ಮಾತ್ರ.