ಮನೆಯಲ್ಲೊಬ್ಬರು ಓದಿದ್ದರೆ ಸಾಕೇ?

ಬಡವರನ್ನು ಎಣಿಸೋದು ಹೇಗೆ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾಲಕ್ಕೊಂದು ಉತ್ತರ ಬಂದಿದೆ. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಹೊಟ್ಟೆಗೆ ಬೇಕಾದ ಕ್ಯಾಲೊರಿಯಿಂದ ಲೆಕ್ಕ ಶುರು ಮಾಡಿದರು. 2011ರಲ್ಲಿ ಯೋಜನಾ ಆಯೋಗ, ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವರು ಬಡವರಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೇಳಿ ನಗೆಪಾಟಲಾಯಿತು. ಈಗ ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ ಬಂದಿದೆ. 2023ರ ಜುಲೈನಲ್ಲಿ ಹೊರಬಂದ ಅದರ ಪ್ರಗತಿ ವರದಿಯನ್ನು ನಾವು, ಅದರಲ್ಲೂ ವಿದ್ಯಾರ್ಥಿಗಳು, ಸ್ವಲ್ಪ ನಿಧಾನವಾಗಿ ಓದಬೇಕು.

ಮೊದಲು ಒಳ್ಳೆಯದನ್ನೇ ಹೇಳೋಣ. ಈ ಸೂಚ್ಯಂಕ ಜೇಬಿಗೆ ಕೈಹಾಕುವುದಿಲ್ಲ, ಮನೆಯೊಳಗೆ ಕಣ್ಣು ಹಾಯಿಸುತ್ತದೆ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಭಾಗಗಳಲ್ಲಿ 12 ಸಂಗತಿಗಳನ್ನು ನೋಡುತ್ತದೆ: ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಕುಡಿಯುವ ನೀರು, ಶೌಚಾಲಯ, ಬ್ಯಾಂಕ್ ಖಾತೆ ಹೀಗೆ. ಕೊರತೆಗಳ ತೂಕ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆ ಬಡಮನೆ. ಈ ಲೆಕ್ಕದಲ್ಲಿ ದೇಶದ ಬಡವರ ಪ್ರಮಾಣ 2015-16ರ ಶೇ. 24.85ರಿಂದ 2019-21ರಲ್ಲಿ ಶೇ. 14.96ಕ್ಕೆ ಇಳಿದಿದೆ. ಸುಮಾರು 13.5 ಕೋಟಿ ಜನ! ಕರ್ನಾಟಕ ಶೇ. 12.77ರಿಂದ 7.58ಕ್ಕೆ ಬಂದಿದೆ. ಇದು ಸಣ್ಣ ಮಾತಲ್ಲ, ಅಲ್ಲಗಳೆಯುವುದೂ ಸರಿಯಲ್ಲ.

ಆದರೆ ಮುಂಬೈನ ಗೋವಂಡಿಯಲ್ಲಿ ಒಂದು ಮನೆ ಇದೆ ಅಂದ್ಕೊಳ್ಳಿ. ಕಲಬುರಗಿ ಕಡೆಯಿಂದ ಬಂದವರು. ಅಪ್ಪ ಕಟ್ಟಡದ ಕೂಲಿ. ಅಮ್ಮ ಶಾಲೆಯ ಮುಖ ಕಂಡವಳಲ್ಲ, ದೇಹದಲ್ಲಿ ಕಸುವಿಲ್ಲ. ಮಗ ಏಳನೇ ಕ್ಲಾಸು ಮುಗಿಸಿದ್ದಾನೆ. ಮಗಳು ಎಂಟನೇದಕ್ಕೆ ಶಾಲೆ ಬಿಟ್ಟು ಮನೆಯಲ್ಲೇ ಜರಿ ಕೆಲಸ ಮಾಡ್ತಾಳೆ. ಕಚ್ಚಾ ಗೋಡೆ, ಹಂಚಿಕೊಂಡ ಶೌಚಾಲಯ. ಈಗ ಲೆಕ್ಕ ಹಾಕಿ. ಮನೆಯಲ್ಲಿ ಒಬ್ಬರು ಆರು ವರ್ಷ ಓದಿದ್ದರೆ ಇಡೀ ಮನೆ ಓದಿದಂತೆ, ಮಗ ಓದಿದ್ದಾನೆ. ಶಾಲೆ ಬಿಟ್ಟ ಮಕ್ಕಳ ಎಣಿಕೆ ಎಂಟನೇ ತರಗತಿಯ ವಯಸ್ಸಿಗೆ ಮುಗಿಯುತ್ತದೆ; ಮಗಳು ಅದನ್ನು ದಾಟಿದ್ದಾಳೆ. ಉಳಿದದ್ದು ತಾಯಿಯ ಅಪೌಷ್ಟಿಕತೆಗೆ ಆರನೇ ಒಂದು, ಗೋಡೆ ಮತ್ತು ಶೌಚಾಲಯಕ್ಕೆ 21ರಲ್ಲಿ ಎರಡು. ಕೂಡಿದರೆ ಸುಮಾರು ಶೇ. 26. ಅಂದರೆ ಈ ಮನೆ ಬಡಮನೆಯಲ್ಲ! ತಾಯಿ ಮಗಳು ಇಬ್ಬರೂ ಮಗನ ಏಳನೇ ಕ್ಲಾಸಿನ ಹಿಂದೆ ಮರೆಯಾಗಿಬಿಟ್ಟರು.

ಇನ್ನೊಂದು ತೊಡಕು ಜಾಗದ್ದು. ವರದಿ ಜಿಲ್ಲೆಯವರೆಗೆ ಇಳಿಯುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಗೋವಂಡಿಯೂ ಜುಹುವೂ ಮುಂಬೈ ಉಪನಗರ ಎಂಬ ಒಂದೇ ಜಿಲ್ಲೆ. ಸರಾಸರಿಯಲ್ಲಿ ಯಾರ ಬಡತನ ಯಾರ ಸಿರಿಯಲ್ಲಿ ಕರಗಿತು ಅಂತ ಯಾರಿಗೆ ಗೊತ್ತಾಗಬೇಕು? ಕರ್ನಾಟಕದಲ್ಲಿ ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕು ತಾಲ್ಲೂಕಿಗೆ ಹೋಗಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. ಆ ಹತ್ತಿರದ ನೋಟ ಇಲ್ಲಿಲ್ಲ. ಹಾಗೆಯೇ 2006ರ ಸಾಚಾರ್ ವರದಿ ಸಮುದಾಯವಾರು ಅಂಕಿಅಂಶಗಳನ್ನು ಮುಂದಿಟ್ಟಿದ್ದರಿಂದಲೇ ಮುಸ್ಲಿಮರ ಸ್ಥಿತಿಯ ಬಗ್ಗೆ ಊಹೆ ಬಿಟ್ಟು ಮಾತಾಡಲು ಸಾಧ್ಯವಾಯಿತು. ನೀತಿ ಆಯೋಗದ ವರದಿಯಲ್ಲಿ ರಾಜ್ಯ ಇದೆ, ಜಿಲ್ಲೆ ಇದೆ, ಹಳ್ಳಿ-ನಗರ ಇದೆ; ಜಾತಿ, ಸಮುದಾಯದ ಕೋಷ್ಟಕ ಇಲ್ಲ.

ಮೂರನೆಯದು ಕಾಲ. 2019-21 ಅಂದಾಗ ಕೊರೋನಾವೂ ಸೇರಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಲ್ಲಿ ಈ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು ಲಾಕ್‌ಡೌನ್‌ಗೆ ಮುಂಚೆ. ಗಂಟುಮೂಟೆ ಹೊತ್ತು ಊರಿನ ದಾರಿ ಹಿಡಿದವರ ಕಷ್ಟ ಈ ರಾಜ್ಯಗಳ ಅಂಕಿಗಳಲ್ಲಿ ಇಲ್ಲ. 2024ರ ಜನವರಿಯಲ್ಲಿ ಆಯೋಗ ಇನ್ನೂ ಮುಂದೆ ಹೋಗಿ, 2022-23ಕ್ಕೆ ಬಡತನ ಶೇ. 11.28 ಎಂದಿತು. ಆ ವರ್ಷ ಯಾವ ಕುಟುಂಬ ಆರೋಗ್ಯ ಸಮೀಕ್ಷೆಯೂ ನಡೆದಿರಲಿಲ್ಲ. ಹಿಂದಿನ ಇಳಿಕೆಯ ವೇಗವನ್ನೇ ಮುಂದಕ್ಕೆ ಎಳೆದು ತೆಗೆದ ಅಂದಾಜು ಅದು. ಅಂದಾಜು ತಪ್ಪಲ್ಲ, ಅದನ್ನು ಎಣಿಕೆಯ ಹಾಗೆ ಸಾರುವುದು ತಪ್ಪು.

ಈ ಅಂಕಿಗಳನ್ನು ಬಿಸಾಡಿ ಅಂತ ನಾನು ಹೇಳ್ತಿಲ್ಲ. ಮುಂದಿನ ಸಲ "ಇಷ್ಟು ಕೋಟಿ ಜನ ಬಡತನದಿಂದ ಹೊರಬಂದರು" ಎಂಬ ತಲೆಬರಹ ಕಂಡಾಗ ಮೂರೇ ಪ್ರಶ್ನೆ ಕೇಳಿ: ಎಣಿಸಿದ್ದು ಮನೆಯನ್ನೋ ಮನುಷ್ಯರನ್ನೋ? ಎಷ್ಟು ಹತ್ತಿರದಿಂದ? ಯಾವಾಗ? ಆಮೇಲೆ ನಿಮ್ಮದೇ ಗಲ್ಲಿಯಲ್ಲಿ ಎಂಟನೇದರ ನಂತರ ಶಾಲೆ ಬಿಟ್ಟ ಹುಡುಗಿಯರು ಎಷ್ಟು ಅಂತ ಎಣಿಸಿ ನೋಡಿ. ಅದಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ.