ಮುಸ್ಲಿಂ ಸಮಾಜದಲ್ಲಿ ಸ್ತ್ರೀವಾದದ ಭವಿಷ್ಯ: ಎರಡು ಕನ್ನಡ ಕಥನಗಳ ಸಾಕ್ಷ್ಯ

ಮುಸ್ಲಿಂ ಸಮಾಜದಲ್ಲಿ ಸ್ತ್ರೀವಾದಕ್ಕೆ ಭವಿಷ್ಯವುಂಟೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಆ ಧರ್ಮದ ಚೌಕಟ್ಟಿನಲ್ಲಿ ಹೆಣ್ಣಿಗೆ ಬಿಡುಗಡೆಯೇ ಇಲ್ಲವೆಂಬುದು ಹೊರಗಿನವರ ತೀರ್ಪು. ಅವಳಿಗೆ ಸಲ್ಲಬೇಕಾದುದೆಲ್ಲ ಏಳನೆಯ ಶತಮಾನದಲ್ಲಿಯೇ ಸಂದಿದೆ, ಇನ್ನು ಕೇಳುವುದೇನೂ ಉಳಿದಿಲ್ಲವೆಂಬುದು ಒಳಗಿನ ಯಜಮಾನರ ಸಮಾಧಾನ. ಈ ಎರಡು ಉತ್ತರಗಳಲ್ಲಿಯೂ ಕೇಳಿಬರದಿರುವುದು ಆ ಸಮಾಜದ ಹೆಣ್ಣಿನ ಸ್ವರ. ಅದನ್ನು ಕೇಳಿಸಿದ ಶ್ರೇಯಸ್ಸು ಕನ್ನಡದಲ್ಲಿ ಮುಖ್ಯವಾಗಿ ಇಬ್ಬರು ಲೇಖಕಿಯರಿಗೆ ಸಲ್ಲುತ್ತದೆ: ಕಾಸರಗೋಡಿನ ಚಂದ್ರಗಿರಿಯಲ್ಲಿ 1936ರಲ್ಲಿ ಜನಿಸಿ 2023ರಲ್ಲಿ ನಿಧನರಾದ ಸಾರಾ ಅಬೂಬಕ್ಕರ್ ಮತ್ತು 1948ರಲ್ಲಿ ಹಾಸನದಲ್ಲಿ ಜನಿಸಿದ ಬಾನು ಮುಷ್ತಾಕ್.

ಸಾರಾ ಅವರ ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಪ್ರಕಟವಾಯಿತು. ನಾದಿರಾ ಮತ್ತು ರಶೀದರದು ಪ್ರೀತಿಯ ದಾಂಪತ್ಯ. ಹಣದ ಆಸೆಗೆ ಬಿದ್ದ ತಂದೆ ಮಹಮ್ಮದ್ ಖಾನ್ ಮಗಳನ್ನು ತವರಿನಲ್ಲಿಯೇ ಇರಿಸಿಕೊಂಡು, ದಂಪತಿಗಳಿಗೆ ಬೇಡದ ತಲಾಖನ್ನು ಆಗಿಸುತ್ತಾನೆ. ಮತ್ತೆ ಕೂಡಬೇಕೆಂದರೆ ಅವಳು ಪರಪುರುಷನನ್ನು ವಿವಾಹವಾಗಿ, ಒಂದು ರಾತ್ರಿ ಅವನೊಡನೆ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಇದನ್ನು ಒಪ್ಪಲಾರದೆ ಎಳೆಗೂಸಿನ ತಾಯಿ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಈ ಕೃತಿಯ ಬಲವಿರುವುದು ಒಂದು ಸರಳ ಸಂಗತಿಯಲ್ಲಿ. ಇಲ್ಲಿ ನಿಯಮವನ್ನು ಯಾರೂ ಮುರಿಯುವುದಿಲ್ಲ. ಎಲ್ಲರೂ ಅದನ್ನು ಪಾಲಿಸುತ್ತಾರೆ. ಹೆಂಡತಿಯನ್ನು ಹಗುರವಾಗಿ ಬಿಟ್ಟು ಮತ್ತೆ ಕರೆದುಕೊಳ್ಳುವ ಗಂಡಸಿಗೆ ತಡೆಯಾಗಿರಲೆಂದು ಸಮರ್ಥಿಸಲಾಗುವ ನಿಯಮವು ಶಿಕ್ಷೆಯಾಗಿ ಬೀಳುವುದು ನಿರಪರಾಧಿಯಾದ ಹೆಣ್ಣಿನ ದೇಹದ ಮೇಲೆ. ದೋಷವನ್ನೂ ಹೇಳಬೇಕು. ತಂದೆಯ ಕ್ರೌರ್ಯವನ್ನು ಎಷ್ಟು ದಟ್ಟವಾಗಿ ಚಿತ್ರಿಸಲಾಗಿದೆಯೆಂದರೆ, ಅವನೊಬ್ಬ ಒಳ್ಳೆಯವನಾಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂಬ ಭಾವನೆಗೆ ಓದುಗ ಜಾರಬಹುದು. ವ್ಯಕ್ತಿಯ ದುಷ್ಟತನದ ಮರೆಯಲ್ಲಿ ವ್ಯವಸ್ಥೆ ತಪ್ಪಿಸಿಕೊಳ್ಳುವ ಅಪಾಯ ಇಲ್ಲಿದೆ. ನಾದಿರಾಳಿಗೆ ಲೇಖಕಿ ಕೊಟ್ಟ ಪ್ರತಿಭಟನೆಯ ದಾರಿ ಸಾವೊಂದೇ ಎಂಬುದನ್ನೂ ಮರೆಯುವಂತಿಲ್ಲ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಈ ಎರಡು ಕೊರತೆಗಳಿಗೂ ಉತ್ತರದಂತಿದೆ. ಆಟೋ ಚಾಲಕ ಯಾಕೂಬ್ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಅಶ್ರಫಳನ್ನು ತೊರೆದು ಬೇರೆ ಮದುವೆಯಾಗುತ್ತಾನೆ. ರೋಗಿಯಾದ ಕೂಸಿನ ಔಷಧಿಗಾಗಿ ಅವಳು ಮಸೀದಿಯ ಮುತವಲ್ಲಿಯಲ್ಲಿ ನ್ಯಾಯ ಕೇಳುತ್ತಾಳೆ. ಅಲ್ಲಿ ಅವಳಿಗೆ ದೊರೆಯುವುದು ಕಾಯುವಿಕೆ, ಕೊನೆಗೆ ಕೂಸಿನ ಸಾವು. ಓದುಬರಹ ಬಲ್ಲ ಜುಲೇಖಾ ಬೇಗಂ ಅವಳಿಗೆ ತಿಳಿಸುವುದು ಧರ್ಮಗ್ರಂಥವೇ ಹೆಣ್ಣಿಗಿತ್ತ ಹಕ್ಕುಗಳನ್ನು. ಹೀಗಾಗಿ ಕಥೆಯ ವಾದ ಧರ್ಮದೊಡನೆಯಲ್ಲ, ಧರ್ಮದ ಬೀಗದ ಕೈ ಹಿಡಿದವನೊಡನೆ. ಕೂಸಿನ ಮರಣಾನಂತರ ಊರಿನ ಹೆಂಗಸರ ಶಾಪ ಮುತವಲ್ಲಿಯನ್ನು ಹಿಂಬಾಲಿಸುತ್ತದೆ. ಹೆರಿಗೆಗಳಿಂದ ಬಳಲಿದರೂ ಪತಿಯ ಅಪ್ಪಣೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಾರದಿದ್ದ ಅವನ ಪತ್ನಿ ಆಮೀನಾ ಕೊನೆಗೆ ತಾನೇ ಅದಕ್ಕೆ ಹೊರಡುತ್ತಾಳೆ. ಕೊಳದತ್ತ ನಡೆದ ನಾದಿರಾಳಿಂದ ಆಸ್ಪತ್ರೆಯತ್ತ ನಡೆದ ಆಮೀನಾಳವರೆಗಿನ ದೂರವೇ ಈ ಸಾಹಿತ್ಯ ಕ್ರಮಿಸಿದ ದಾರಿ. ಜುಲೇಖಾಳ ಮಾತು ಕೆಲವೆಡೆ ಉಪನ್ಯಾಸದಂತೆ ಕೇಳಿಸುವುದು ನಿಜ. ಮುತವಲ್ಲಿ ತನ್ನ ಪೀಠದಲ್ಲಿಯೇ ಉಳಿಯುವುದೂ ನಿಜ. ಆದರೆ ಆ ಪೀಠದ ಭಯ ಹೋಗಿದೆ. ಇದೇ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು 2004ರಲ್ಲಿ ‘ಹಸೀನಾ’ ಚಲನಚಿತ್ರವನ್ನು ನಿರ್ದೇಶಿಸಿದರು.

ಗ್ರಂಥದಲ್ಲಿ ಹಕ್ಕಿದ್ದರೆ ಸಾಲದೆ ಎಂಬ ಪ್ರಶ್ನೆಗೆ ಹಿರಿಯೂರು ಸೀಮೆಯ ರೈತ ಮಾರಿಕಣಿವೆಯನ್ನು ತೋರಿಸಿ ಉತ್ತರಿಸಬಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ಆ ಜಲಾಶಯ ರಾಜಪ್ರತಿನಿಧಿಯಾಗಿ ಮೈಸೂರನ್ನಾಳಿದ ಮಹಿಳೆ, ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತಿದೆ. 1933ರ ಅನಂತರ ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಆದರೆ ಕೆರೆ ತುಂಬಿದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ತೂಬು ತೆರೆಯಬೇಕು, ನಾಲೆಯ ಕೊನೆಯ ಹೊಲಕ್ಕೂ ನೀರು ಮುಟ್ಟಬೇಕು. ಮೆಹರ್, ಆಸ್ತಿಯ ಪಾಲು, ವಿವಾಹಕ್ಕೆ ವಧುವಿನ ಸಮ್ಮತಿ, ‘ಖುಲಾ’ ಎಂಬ ವಿಚ್ಛೇದನದ ಹಕ್ಕು ಇವೆಲ್ಲ ಸಂಗ್ರಹವಾಗಿಯೇ ಇವೆ. ಅಶ್ರಫಳ ಹೊಲ ಮಾತ್ರ ಒಣಗಿದೆ.

ತೂಬನ್ನು ಕಾನೂನು ತೆರೆಯಬಲ್ಲುದೆ? ಶಾ ಬಾನೊ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಜೀವನಾಂಶ ವಿಧಿಸಿತು. 1986ರ ಶಾಸನ ಅದನ್ನು ಮೊಟಕುಗೊಳಿಸಿತು. ಒಂದೇ ಉಸಿರಿನ ತಲಾಖನ್ನು ನ್ಯಾಯಾಲಯ 2017ರಲ್ಲಿ ಅಸಿಂಧುಗೊಳಿಸಿತು; 2019ರ ಶಾಸನ ಅದನ್ನು ದಂಡನೀಯ ಅಪರಾಧವಾಗಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಸಾಮಾನ್ಯ ಕಾನೂನಿನ ಜೀವನಾಂಶ ಸಲ್ಲುತ್ತದೆಂದು 2024ರ ಜುಲೈ ತಿಂಗಳ ತೀರ್ಪು ಸ್ಪಷ್ಟಪಡಿಸಿತು. ಇವು ಅಲ್ಪ ಸಾಧನೆಗಳಲ್ಲ. ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರವಾದ ಟ್ಯುನೀಸಿಯಾ 1956ರಲ್ಲಿಯೇ ಬಹುಪತ್ನಿತ್ವವನ್ನು ನಿಷೇಧಿಸಿತೆಂಬುದನ್ನು ನೆನೆದರೆ, ಸುಧಾರಣೆ ಆ ಸಮಾಜಗಳಿಗೆ ಪರಕೀಯವೆಂಬ ಮಾತೂ ನಿಲ್ಲುವುದಿಲ್ಲ. ಆದರೆ ಬಾನು ಅವರ ‘ಎದೆಯ ಹಣತೆ’ಯ ಮೆಹರುನ್‌ಳ ಸಂಕಟ ತಲಾಖಿನ ಉಚ್ಚಾರಣೆಯಿಂದ ಬಂದುದಲ್ಲ. ಪತಿ ಪರಸ್ತ್ರೀಯತ್ತ ಹೋಗಿದ್ದಾನೆ. ತವರಿಗೆ ಬಂದರೆ ಸೋದರರು ಕುಲಗೌರವದ ಹೆಸರಿನಲ್ಲಿ ಹಿಂದಕ್ಕೆ ಅಟ್ಟುತ್ತಾರೆ. ಬೆಂಕಿಗೆ ಸಿದ್ಧಳಾದ ಅವಳನ್ನು ತಡೆಯುವುದು ಮಗಳು ಸಲ್ಮಾ. ಅಣ್ಣಂದಿರ ಮನೆಯ ಬಾಗಿಲನ್ನು ಮನಸ್ಸಿನಿಂದ ತೆರೆಸುವುದು ಶಾಸನವೊಂದರಿಂದಲೇ ಆಗುವ ಕೆಲಸವಲ್ಲ, ಮತ ಯಾವುದಾದರೂ. ಇಲ್ಲಿ ಕಥೆ ಒಂದು ಸಮುದಾಯವನ್ನು ದಾಟಿ ಎಲ್ಲ ಮನೆಗಳ ಕಥೆಯಾಗುತ್ತದೆ.

ಒಳಗಿನಿಂದ ಮಾತನಾಡುವವಳು ಎರಡು ಕಡೆಯ ಪೆಟ್ಟು ತಿನ್ನಬೇಕಾಗುತ್ತದೆ. ಮಸೀದಿಯಲ್ಲಿ ಮಹಿಳೆಯರಿಗೆ ಪ್ರವೇಶವಿರಬೇಕೆಂದುದಕ್ಕಾಗಿ ಬಾನು ಅವರು 2000ದಲ್ಲಿ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿದರು. ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ ಆಕ್ಷೇಪ ಬಂದುದು ಇನ್ನೊಂದು ದಿಕ್ಕಿನಿಂದ. ನೆರೆಯವನನ್ನು ಹೀಯಾಳಿಸಲು ಈ ಕಥೆಗಳನ್ನು ಕೋಲಾಗಿ ಬಳಸುವವನು ಅವುಗಳನ್ನು ಓದಿದಂತಾಗಲಿಲ್ಲ. ಅಂಥ ಬಳಕೆ ಮುತವಲ್ಲಿಯ ಕೈಯನ್ನೇ ಬಲಪಡಿಸುತ್ತದೆ. ಸಮುದಾಯದ ಮಾನ ಕಾಯುವ ನೆಪದಲ್ಲಿ ಹೆಣ್ಣಿನ ದೂರನ್ನು ಅಡಗಿಸಲು ಅವನಿಗೆ ಅವಕಾಶ ದೊರೆಯುತ್ತದೆ.

ಈ ಇಬ್ಬರು ಲೇಖಕಿಯರಿಗೂ ಕರ್ನಾಟಕ ಸರ್ಕಾರದ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಸಂದಿದೆ. ಪೊನ್ನನ ಶಾಂತಿಪುರಾಣ ಕೆಲವೇ ಭಂಡಾರಗಳಲ್ಲಿ ಉಳಿದು ನಶಿಸದಿರಲೆಂದು ಸಾವಿರ ಪ್ರತಿ ಬರೆಯಿಸಿ ಹಂಚಿದವಳು ಅತ್ತಿಮಬ್ಬೆ. ಶಾಸ್ತ್ರ ಇದ್ದರೆ ಸಾಲದು, ಅದು ಓದುವವರ ಕೈ ಸೇರಬೇಕೆಂಬುದನ್ನು ಅವಳು ಬಲ್ಲವಳಾಗಿದ್ದಳು. ಮುಸ್ಲಿಂ ಸಮಾಜದಲ್ಲಿ ಸ್ತ್ರೀವಾದದ ಭವಿಷ್ಯವೂ ಜುಲೇಖಾ ಬೇಗಮರ ಸಂಖ್ಯೆಯನ್ನೇ ಅವಲಂಬಿಸಿದೆ: ಗ್ರಂಥವನ್ನು ತಾವೇ ಓದಿ, ಇನ್ನೊಬ್ಬಳಿಗೆ ಓದಿ ಹೇಳುವ ಹೆಂಗಸರ ಸಂಖ್ಯೆಯನ್ನು. ಬಸದಿಯಾಗಲಿ ಮಸೀದಿಯಾಗಲಿ, ಧರ್ಮಸಂಸ್ಥೆಯ ಆಡಳಿತ ಹೊತ್ತವರು ‘ಕರಿ ನಾಗರಗಳು’ ಕಥೆಯನ್ನು ಓದಬೇಕಾದುದು ಪರರ ಮುತವಲ್ಲಿಯನ್ನು ಕಾಣಲೆಂದಲ್ಲ. ತಮ್ಮ ಸಭೆಯ ಹೊರಗೆ ಕೂಸನ್ನೆತ್ತಿಕೊಂಡು ಕಾದು ಕುಳಿತವಳು ಯಾರೆಂದು ತಿಳಿಯಲು ಅದನ್ನು ಓದಬೇಕು.